ಬೀದರ್‌ನ ಒಂದು ಹುಕ್ಕಾ, ಒಂದು ಕೊಲೆ: ಕಲಾಕಳ್ಳತನದ ಟಿವಿ ಪತ್ತೇದಾರಿ ಕತೆ ಬರೆಯುವ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಚಿತ್ರಕಥೆ ಬರೆಯುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಪತ್ತೇದಾರಿ ಕತೆಗೆ ಕೈಹಾಕಿದವರು ಒಂದಲ್ಲ ಒಂದು ಸಲ ವಿಗ್ರಹ ಕಳ್ಳತನಕ್ಕೆ ಬಂದೇ ಬರುತ್ತಾರೆ. ಸುತ್ತಲೂ ಕೋಟೆ, ಗುಮ್ಮಟ, ಚಾಲುಕ್ಯರ ಗುಡಿ ಇರುವಾಗ ಅದು ಸಹಜ. ಆದರೆ ಬರೆದದ್ದನ್ನು ಓದಿದರೆ ಕದ್ದ ವಸ್ತು ಬರೀ ‘ಕೋಟಿ ಬೆಲೆಯ ಪುರಾತನ ವಿಗ್ರಹ’ವಾಗಿರುತ್ತದೆ. ಯಾವ ಊರಿನದು, ಯಾವ ಕಲ್ಲು, ಎಷ್ಟು ತೂಕ, ಮೂಗು ಒಡೆದಿದೆಯೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ನೋಟಿನ ಚೀಲ ಇಟ್ಟರೂ ಕತೆ ಕದಲುವುದಿಲ್ಲ. ಹಾಗಾದಾಗ ಅದು ಕಲಾಕಳ್ಳತನದ ಕತೆಯಾಗಿ ಉಳಿಯಲಿಲ್ಲ.

ನನ್ನ ಮಾತು ಇಷ್ಟೇ: ಇಂಥ ಕತೆಯಲ್ಲಿ ಕದ್ದ ವಸ್ತುವೇ ಮುಖ್ಯ ಸಾಕ್ಷಿಯಾಗಬೇಕು. ಅದನ್ನು ಹೇಗೆ ಮಾಡುತ್ತಾರೆ, ಯಾವುದರಿಂದ ಮಾಡುತ್ತಾರೆ, ಬಿದ್ದರೆ ಏನಾಗುತ್ತದೆ ಎಂಬುದರಿಂದಲೇ ಸುಳಿವು ಹುಟ್ಟಬೇಕು, ಕೊಲೆಗೆ ಕಾರಣವೂ ಅದರಿಂದಲೇ ಹುಟ್ಟಬೇಕು. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಅಲ್ಲಿಂದ ಹೊರಡುತ್ತವೆ. ಉದಾಹರಣೆಗೆ ಬೀದರ್‌ನಲ್ಲಿ ನಡೆಯುವ ಆರು ಕಂತಿನ ಒಂದು ಕಲ್ಪಿತ ಕತೆಯನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟುತ್ತಾ ಹೋಗೋಣ.

ಟಿವಿ ಈ ಸೀಮೆಗೆ ತಡವಾಗಿ ಬಂದದ್ದೇನಲ್ಲ. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿದ ಪ್ರಯೋಗದಲ್ಲಿ ಆಗಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ಇಲ್ಲಿಯ ಮಂದಿ ಟಿವಿ ನೋಡಲು ಶುರು ಮಾಡಿ ಐವತ್ತು ವರ್ಷವಾಯಿತು. ತಮ್ಮ ಊರಿನ ಕತೆಯನ್ನು ತಮ್ಮ ಮಾತಿನಲ್ಲಿ ನೋಡುವ ಹಕ್ಕು ಅವರಿಗಿದೆ.

ಹೆಜ್ಜೆ 1: ಹೆಣಕ್ಕಿಂತ ಮೊದಲು ವಸ್ತು ಆರಿಸಿ

ಮೊದಲು ಯಾರು ಸಾಯುತ್ತಾರೆ ಎಂದು ಯೋಚಿಸಬೇಡಿ. ಏನು ಕಳುವಾಗುತ್ತದೆ ಎಂದು ಯೋಚಿಸಿ. ನಮ್ಮ ಮೂರು ಜಿಲ್ಲೆಗಳಲ್ಲಿ ಆಯ್ಕೆಗೆ ಕೊರತೆಯಿಲ್ಲ.

ಕಲ್ಲಿನ ಶಿಲ್ಪ ಬೇಕೆಂದರೆ ಹುಮನಾಬಾದ್ ತಾಲೂಕಿನ ಜಲಸಂಗ್ವಿ ಗುಡಿಯ ಗೋಡೆಯ ಮೇಲೆ ಶಿಲಾಬಾಲಿಕೆಯರಿದ್ದಾರೆ. ಅವರಲ್ಲೊಬ್ಬಳು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತ ನಿಂತಿದ್ದಾಳೆ. ಚಿತ್ತಾಪುರ ತಾಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಫಲಕಗಳು ಸಿಕ್ಕಿವೆ. ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ, ಅಶೋಕನನ್ನೇ ತೋರಿಸುವ ಫಲಕ ಅವುಗಳಲ್ಲಿ ಒಂದು. ಚಿತ್ರ ಬೇಕೆಂದರೆ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಗರುಡಾದ್ರಿ ಮನೆತನದ ಹೆಸರಿನೊಂದಿಗೆ ಕೂಡಿಕೊಂಡ ಚಿತ್ರಕಲೆ ಇದೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂಡಿಸಿದ ಕೆಲಸವಿದೆ. ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಇನ್ನೂ ಉಳಿದಿರುವ ಬಣ್ಣದ ಹೆಂಚುಬಿಲ್ಲೆಗಳಿವೆ.

ಈಗ ಪ್ರತಿಯೊಂದನ್ನೂ ತೂಗಿ ನೋಡಿ. ನಿಜವಾಗಿಯೇ ತೂಗಬೇಕು. ಮೂರು ಅಡಿ ಎತ್ತರ, ಒಂದು ಅಡಿ ಅಗಲ, ಎಂಟು ಇಂಚು ದಪ್ಪದ ಕಲ್ಲು ಎಂದರೆ ಎರಡು ಘನ ಅಡಿ, ಸುಮಾರು 160 ಕಿಲೋ. ಅದನ್ನು ಒಬ್ಬ ಖಳನಾಯಕ ಹೆಗಲ ಮೇಲೆ ಹೊತ್ತು ಬೈಕಿನಲ್ಲಿ ಹೋಗಲಾರ. ನಾಲ್ಕು ಜನ ಬೇಕು, ಗಾಡಿ ಬೇಕು, ಗೋಡೆಯಿಂದ ಬಿಡಿಸಲು ಹೊತ್ತು ಬೇಕು, ಸದ್ದು ಆಗುತ್ತದೆ, ಊರ ನಾಯಿ ಬೊಗಳುತ್ತವೆ. ಅಂದರೆ ಕಲ್ಲು ಕದ್ದರೆ ನಿಮ್ಮದು ಗುಂಪಿನ ಕತೆ, ಗುಂಪಿನಲ್ಲಿ ಒಬ್ಬ ಬಾಯಿಬಿಡುವ ಕತೆ. ಚಿತ್ರವಾದರೆ ಹಗುರ, ಒಬ್ಬನೇ ಒಯ್ಯಬಲ್ಲ. ಆದರೆ ಚಿನ್ನದ ರೇಕು ಹಚ್ಚಿದ ಹಳೆಯ ಚಿತ್ರವನ್ನು ಸುರುಳಿ ಸುತ್ತಿದರೆ ಪದರು ಬಿರಿಯುತ್ತದೆ. ಕಳ್ಳನಿಗೆ ಇದು ಗೊತ್ತಿತ್ತೇ? ಗೊತ್ತಿಲ್ಲದವನು ಸುತ್ತುತ್ತಾನೆ, ಗೊತ್ತಿದ್ದವನು ಚೌಕಟ್ಟು ಸಮೇತ ಒಯ್ಯುತ್ತಾನೆ. ನೆಲದ ಮೇಲೆ ಉದುರಿದ ಚಿನ್ನದ ಚೂರು ಕಳ್ಳ ಹೊರಗಿನವನೆಂದು ಹೇಳಿಬಿಡುತ್ತದೆ.

ನಮ್ಮ ಉದಾಹರಣೆಗೆ ಬಿದರಿಯ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬೀದರ್ ಕಸಬಿನ, ಹಳೆಯ ಹುಕ್ಕಾ ಬುಡವೊಂದನ್ನು ತೆಗೆದುಕೊಳ್ಳೋಣ. ಭಾಲ್ಕಿ ಕಡೆಯ ಹಳೆಯ ವಾಡೆಯೊಂದರಲ್ಲಿ ಗಾಜಿನ ಕಪಾಟಿನಲ್ಲಿ ತಲೆಮಾರುಗಳಿಂದ ಇರುವ, ಇನ್ನೂರು ವರ್ಷ ದಾಟಿದ ವಸ್ತು. ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಇದನ್ನೇ ಆರಿಸಿದ್ದಕ್ಕೆ ಕಾರಣ ಮೂರನೆಯ ಹೆಜ್ಜೆಯಲ್ಲಿ ಸಿಗುತ್ತದೆ.

ಹೆಜ್ಜೆ 2: ಆ ಕಸಬನ್ನು ಕುಳಿತು ಕಲಿಯಿರಿ

ಈ ಹೆಜ್ಜೆಯನ್ನು ಅವಸರದಲ್ಲಿ ದಾಟಬೇಡಿ. ಬೀದರ್‌ಗೆ ಹೋಗಿ, ಬಿದರಿ ಕಾರ್ಖಾನೆಯೊಂದರಲ್ಲಿ ಒಪ್ಪಿಗೆ ಕೇಳಿ ಕುಳಿತುಕೊಳ್ಳಿ. ಮೊಬೈಲ್ ಒಳಗಿಟ್ಟು ಮೊದಲು ಕಣ್ಣಿನಿಂದ ನೋಡಿ.

ಬಿದರಿಯ ಮೂಲ ಲೋಹ ಸತು ಮತ್ತು ತಾಮ್ರದ ಮಿಶ್ರಣ. ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎನ್ನುತ್ತಾರೆ. ಅದನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೇಲೆ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಕೈಯಿಂದಲೇ ಹೂಬಳ್ಳಿ ಬರೆಯುತ್ತಾರೆ. ಆಮೇಲೆ ಸಣ್ಣ ಉಳಿಗಳಿಂದ ಗೆರೆ ಕೊರೆದು, ಆ ಕಾಲುವೆಯೊಳಗೆ ಶುದ್ಧ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ. ತಂತಿಯ ಕೆಲಸ ತಾರ್‌ಕಶಿ, ತಗಡು ಕತ್ತರಿಸಿ ಕೂಡಿಸಿದರೆ ತೆಹನಿಶಾನ್. ಮತ್ತೆ ಉಜ್ಜಿದಾಗ ಬೆಳ್ಳಿ ಯಾವುದು, ಸತು ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದೇ ಕಷ್ಟ, ಎರಡೂ ಬೆಳ್ಳಗೆ ಹೊಳೆಯುತ್ತವೆ. ಕೊನೆಯಲ್ಲಿ ವಸ್ತುವನ್ನು ಹದವಾಗಿ ಬಿಸಿಮಾಡಿ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರನ್ನು ಹಚ್ಚುತ್ತಾರೆ. ನೋಡುತ್ತ ನೋಡುತ್ತ ಸತುವೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣು ಮಳೆ ಬಿಸಿಲು ಬೀಳದ ಹಳೆಯ ಭಾಗಗಳದ್ದಾಗಿರಬೇಕು. ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ.

ಈಗ ಇದರಿಂದ ಏನೇನು ಸುಳಿವು ಹುಟ್ಟುತ್ತದೆ ಎಂದು ಬರೆದುಕೊಳ್ಳಿ. ನಾನು ಆರಿಸುವವು ಇವು.

ಎರಕದ ಸತು ಪೆಡಸು. ಹಿತ್ತಾಳೆ ತಂಬಿಗೆ ಬಿದ್ದರೆ ತಗ್ಗಾಗುತ್ತದೆ, ಬಿದರಿ ಹಾಸುಗಲ್ಲಿನ ಮೇಲೆ ಬಿದ್ದರೆ ಅಂಚು ಮುರಿದು ಚೂರು ಹಾರುತ್ತದೆ. ಮುರಿದ ಮುಖ ಬೂದು ಬಿಳಿ, ಕಪ್ಪು ಇರುವುದು ಮೇಲ್ಮೈಯಲ್ಲಿ ಮಾತ್ರ. ಮುರಿದ ಚೂರನ್ನು ಅಂಟಿಸಿ ಕಪ್ಪು ಪೇಂಟ್ ಬಳಿದರೆ ಟರ್ಪೆಂಟೈನ್ ಅರಿವೆಗೆ ಬಣ್ಣ ಬಿಡುತ್ತದೆ. ಮಣ್ಣಿನಿಂದ ಬಂದ ಕಪ್ಪು ಹಾಗೆ ಬಿಡುವುದಿಲ್ಲ. ಹೂಬಳ್ಳಿಯನ್ನು ಅಚ್ಚಿನಿಂದ ಒತ್ತುವುದಿಲ್ಲ, ಕೈಯಿಂದ ಕೊರೆಯುತ್ತಾರೆ. ಆದ್ದರಿಂದ ಒಬ್ಬ ಉಸ್ತಾದನ ಉಳಿಯ ಓಟ ಇನ್ನೊಬ್ಬನದರಂತೆ ಇರುವುದಿಲ್ಲ. ಹಳೆಯ ವಸ್ತುಗಳ ಲೋಹದಲ್ಲಿ ಸೀಸ ಸ್ವಲ್ಪ ಬೆರೆತಿರುವುದುಂಟು, ಇಂದಿನ ಶುದ್ಧೀಕರಿಸಿದ ಸತುವಿನಲ್ಲಿ ಅದು ಅತ್ಯಲ್ಪ. ಕ್ಷ-ಕಿರಣದಿಂದ ಲೋಹದಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಹಿಡಿದರೆ ವಸ್ತುವನ್ನು ಕೆರೆಯದೆಯೇ ಇದು ಗೊತ್ತಾಗುತ್ತದೆ.

ಇಷ್ಟು ಕೈಯಲ್ಲಿದ್ದರೆ ಆರು ಕಂತಿಗೆ ಸಾಕು.

ಹೆಜ್ಜೆ 3: ಕದ್ದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಕಲಾಕಳ್ಳತನದಲ್ಲಿ ಕದಿಯುವುದು ಸುಲಭದ ಭಾಗ, ಮಾರುವುದೇ ಕಷ್ಟ. ಪ್ರಸಿದ್ಧ ವಸ್ತುವನ್ನು ಕದ್ದವನು ಅದನ್ನು ಯಾರಿಗೂ ತೋರಿಸಲಾರ. 2018ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಪುರಾನಿ ಹವೇಲಿಯ ನಿಜಾಮ್ ವಸ್ತುಸಂಗ್ರಹಾಲಯಕ್ಕೆ ಗವಾಕ್ಷಿಯಿಂದ ಹಗ್ಗ ಇಳಿಬಿಟ್ಟು ಹೊಕ್ಕವರು ಚಿನ್ನದ ಊಟದ ಡಬ್ಬಿ ಹೊತ್ತೊಯ್ದರು. ಕೆಲವೇ ದಿನಗಳಲ್ಲಿ ಡಬ್ಬಿ ಸಮೇತ ಸಿಕ್ಕಿಬಿದ್ದರು. ಒಳಹೊಗುವ ದಾರಿಯನ್ನು ಅವರು ಚೆನ್ನಾಗಿ ಯೋಚಿಸಿದ್ದರು.

ಬುದ್ಧಿವಂತ ಕಳ್ಳ ವಸ್ತುವಿಗೆ ಹೊಸ ಜಾತಕ ಬರೆಸುತ್ತಾನೆ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯ ಚೋಳರ ನಟರಾಜ ಹೀಗೆಯೇ ಸುಳ್ಳು ಕಾಗದಪತ್ರಗಳೊಂದಿಗೆ 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿತು, ಬೆಲೆ ಐವತ್ತು ಲಕ್ಷ ಡಾಲರ್ ಮೀರಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿ, ಅದೇ ವಿಗ್ರಹ ಗುಡಿಯಲ್ಲಿದ್ದಾಗ ತೆಗೆದ ಹಳೆಯ ಫೋಟೋ ಸಿಕ್ಕಿದ್ದರಿಂದ ಸುಳ್ಳು ಬಯಲಾಯಿತು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿತು. ಒಂದು ಹಳೆಯ ಫೋಟೋ ಎಷ್ಟು ಕೆಲಸ ಮಾಡಬಲ್ಲದು ಎಂದು ಇದರಿಂದ ಕಲಿಯಿರಿ. ನಮ್ಮ ವಾಡೆಯ ಗೋಡೆಯ ಮೇಲೂ ಒಂದು ಮದುವೆ ಫೋಟೋ ತೂಗುಹಾಕಿ. ಹಿಂದಿನ ಕಪಾಟಿನಲ್ಲಿ ಹುಕ್ಕಾ ಕಾಣುತ್ತಿರಲಿ.

ಕಾನೂನು ತಿಳಿದಿರಲಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತು ಪುರಾವಸ್ತು. ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷವೇ ಸಾಕು. ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ದಂಡ.

ಬಿದರಿಯನ್ನು ಆರಿಸಿದ್ದಕ್ಕೆ ಕಾರಣ ಈಗ ಹೇಳುತ್ತೇನೆ. ಜಲಸಂಗ್ವಿಯ ಶಿಲ್ಪವನ್ನು ‘ಇವತ್ತು ಮಾಡಿದ್ದು’ ಎಂದು ನಂಬಿಸುವುದು ಕಷ್ಟ. ಬಿದರಿಯ ಕತೆ ಬೇರೆ. ಅದು ಜೀವಂತ ಕಸಬು, 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಹೊಸ ಮಾಲು ಕಾನೂನುಬದ್ಧವಾಗಿ ಹೊರದೇಶಕ್ಕೆ ಹೋಗುತ್ತದೆ. ಹೊಸ ಹುಕ್ಕಾಗಳ ಒಂದು ಪೆಟ್ಟಿಗೆಯಲ್ಲಿ ಒಂದು ಹಳೆಯ ಹುಕ್ಕಾ ಸೇರಿಸಿಬಿಟ್ಟರೆ ಕಸ್ಟಮ್ಸ್‌ನವರಿಗೆ ಎಲ್ಲವೂ ಕರಕುಶಲ ವಸ್ತುವೇ. ಪತ್ರ ಅಸಲಿ, ಸಹಿ ಅಸಲಿ, ಒಳಗಿನ ಒಂದು ವಸ್ತು ಮಾತ್ರ ಬೇರೆ. ಆ ವ್ಯತ್ಯಾಸವನ್ನು ನೋಡಿದ ತಕ್ಷಣ ಹೇಳಬಲ್ಲ ಕಣ್ಣು ಊರಿನಲ್ಲಿ ಒಬ್ಬ ಮುದುಕ ಉಸ್ತಾದನದು. ಅವನು ಬದುಕಿದ್ದರೆ ಹೀಗೆ ಹುಕ್ಕಾ ಸಾಗಿಸುವ ವ್ಯಾಪಾರಿಗೆ ಅಪಾಯ. ಕೊಲೆಗೆ ಕಾರಣ ಸಿಕ್ಕಿತು, ನಾವು ಹೊರಗಿನಿಂದ ತಂದು ಅಂಟಿಸಲಿಲ್ಲ.

ಬೀದರ್‌ನ ಮಣ್ಣಿನಲ್ಲಿ ಇಂಥದೊಂದು ಹಿಂದೆಯೇ ನಡೆದಿದೆ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನ ಮುದ್ರೆಯನ್ನು ಅವನ ವೈರಿಗಳು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡರು. ಒಡಿಶಾದ ದೊರೆಯನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದರು. ಮೂರನೆಯ ಮುಹಮ್ಮದ್ ಷಾ ಅದನ್ನು ನಂಬಿ 1481ರಲ್ಲಿ ಗವಾನನನ್ನು ಕೊಲ್ಲಿಸಿದ. ಮುದ್ರೆ ಅಸಲಿ, ಪತ್ರ ಸುಳ್ಳು. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಮುಂದೆ ನಿಮ್ಮ ಇನ್‌ಸ್ಪೆಕ್ಟರ್ ಒಮ್ಮೆ ನಿಂತು ಈ ಕತೆ ಕೇಳಲಿ. ಕೇಳಿಸುವವನು ಗೈಡ್ ಆಗಿರಲಿ, ಅವಳ ಮನಸ್ಸು ಬೇರೆಲ್ಲೋ ಇರಲಿ. ನಾಲ್ಕನೆಯ ಕಂತಿನಲ್ಲಿ ರಫ್ತಿನ ಪತ್ರ ಕೈಗೆ ಬಂದಾಗ ಅವಳಿಗೂ ನೋಡುಗರಿಗೂ ಅದು ಒಟ್ಟಿಗೇ ನೆನಪಾಗುತ್ತದೆ.

ಹೆಜ್ಜೆ 4: ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯಿರಿ

ಚಿತ್ರಕಥೆಗೆ ಮೊದಲು ಒಂದು ಹಾಳೆಯಲ್ಲಿ ಸತ್ಯವನ್ನು ನೇರವಾಗಿ ಬರೆದಿಡಿ. ಮುಚ್ಚುಮರೆ ಬೇಡ. ನಮ್ಮ ಕತೆಯದು ಹೀಗಿದೆ:

ಫೆಬ್ರುವರಿಯಲ್ಲಿ ವ್ಯಾಪಾರಿ ವಾಡೆಗೆ ಬಂದು ಹುಕ್ಕಾ ನೋಡುತ್ತಾನೆ, ಪ್ರದರ್ಶನಕ್ಕೆಂದು ಫೋಟೋ ಮತ್ತು ಅಳತೆ ತೆಗೆದುಕೊಳ್ಳುತ್ತಾನೆ. ಅವನ್ನು ಉಸ್ತಾದನಿಗೆ ಕೊಟ್ಟು ‘ಇದರಂಥದೇ ಒಂದು ಮಾಡಿಕೊಡಿ’ ಎನ್ನುತ್ತಾನೆ. ಉಸ್ತಾದ ಪ್ರಾಮಾಣಿಕವಾಗಿ ಮಾಡುತ್ತಾನೆ, ಆದರೆ ನಕಲು ನಕಲಾಗಿಯೇ ಉಳಿಯಬೇಕೆಂಬ ತನ್ನ ಮನೆತನದ ಪದ್ಧತಿಯಂತೆ ಆರು ಎಸಳಿನ ಹೂಗಳ ಸಾಲಿನಲ್ಲಿ ಒಂದಕ್ಕೆ ಐದೇ ಎಸಳು ಕೊರೆಯುತ್ತಾನೆ. ಮೇ ತಿಂಗಳಲ್ಲಿ ವಾಡೆಯಲ್ಲಿ ಮದುವೆ. ಗದ್ದಲದಲ್ಲಿ ವ್ಯಾಪಾರಿ ಅಸಲಿಯನ್ನು ಒಯ್ದು ನಕಲನ್ನು ಇಡುತ್ತಾನೆ. ವಾರದ ಮೇಲೆ ಮನೆಯ ಮಗಳು ಹುಕ್ಕಾವನ್ನು ಎಣ್ಣೆ ಹಚ್ಚಿ ಹೊಳಪು ಮಾಡಿಸಲು ಉಸ್ತಾದನ ಹತ್ತಿರ ತರುತ್ತಾಳೆ. ಅವನು ತನ್ನ ಐದೆಸಳಿನ ಹೂ ನೋಡುತ್ತಾನೆ. ಹುಡುಗಿಗೆ ಏನೂ ಹೇಳದೆ ನಕಲನ್ನು ಕೈಚೀಲದಲ್ಲಿಟ್ಟುಕೊಂಡು ವ್ಯಾಪಾರಿಯ ಗೋದಾಮಿಗೆ ಹೋಗುತ್ತಾನೆ. ಜಗಳ, ತಳ್ಳಾಟ, ತಲೆಗೆ ಪೆಟ್ಟು. ನಕಲು ಹಾಸುಗಲ್ಲಿನ ಮೇಲೆ ಬಿದ್ದು ಅಂಚಿನ ಎರಡು ಚೂರು ಹಾರುತ್ತವೆ. ವ್ಯಾಪಾರಿ ಹೆಣವನ್ನು ರಾತ್ರಿ ಉಸ್ತಾದನ ಕಾರ್ಖಾನೆಗೆ ಸಾಗಿಸಿ, ಬಿದ್ದು ಸತ್ತಂತೆ ಮಾಡುತ್ತಾನೆ. ಸಿಕ್ಕ ಚೂರನ್ನು ಅಂಟಿಸಿ, ಕಪ್ಪು ಬಳಿದು, ಮರುದಿನ ವಾಡೆಗೆ ಹೋಗಿ ‘ಪಾಪ, ಉಸ್ತಾದ್ ನಿನ್ನೆಯೇ ನನ್ನ ಕೈಗೆ ಕೊಟ್ಟಿದ್ದರು’ ಎಂದು ಹುಕ್ಕಾ ಹಿಂದಿರುಗಿಸುತ್ತಾನೆ. ಇನ್ನೊಂದು ಚೂರು ಗೋದಾಮಿನ ಮೋರಿಯಲ್ಲಿದೆ.

ಆ ಹಿಂದಿರುಗಿಸುವ ದೃಶ್ಯವನ್ನು ಮೊದಲನೆಯ ಕಂತಿನಲ್ಲೇ, ಎಲ್ಲರ ಕಣ್ಣೆದುರಿಗೆ ಇಡಿ. ನೋಡುಗರಿಗೆ ಅದು ಒಬ್ಬ ಒಳ್ಳೆಯವನ ಸೌಜನ್ಯವಾಗಿ ಕಾಣುತ್ತದೆ. ಇಡೀ ಧಾರಾವಾಹಿಯಲ್ಲಿ ಕೊಲೆಗಾರ ಮಾಡುವ ದೊಡ್ಡ ತಪ್ಪು ಅದೇ.

ಹೆಜ್ಜೆ 5: ಕೊಲೆಯ ತನಿಖೆ ನಿಜದಂತೆ ಇರಲಿ

ಟಿವಿಯಲ್ಲಿ ಮೇಲಿಂದ ಮೇಲೆ ಕೇಳುವ ಮಾತು: ‘ಮೈ ತಣ್ಣಗಾಗಿದೆ, ಸತ್ತು ಆರು ತಾಸಾಗಿದೆ.’ ಮೇ ತಿಂಗಳ ಕಲಬುರಗಿ ಸೀಮೆಯಲ್ಲಿ ಇದು ನಡೆಯುವ ಮಾತಲ್ಲ. ಮಧ್ಯಾಹ್ನ ಹೊರಗೆ ನಲವತ್ತೆರಡು ಡಿಗ್ರಿ ಇರುವಾಗ ತಗಡಿನ ಮಾಡಿನ ಕೆಳಗೆ ಬಿದ್ದ ಹೆಣ ಮೂವತ್ತೇಳಕ್ಕಿಂತ ಕೆಳಗೆ ತಣ್ಣಗಾಗುವುದಾದರೂ ಹೇಗೆ? ಬಿಗಿತವೂ ಬಿಸಿಗೆ ಬೇಗ ಬಂದು ಬೇಗ ಹೋಗುತ್ತದೆ. ವೈದ್ಯರು ಬಹಳ ಎಚ್ಚರದಿಂದ, ವಿಶಾಲವಾದ ಅಂತರ ಇಟ್ಟು ಹೊತ್ತು ಹೇಳುತ್ತಾರೆ. ಈ ಅಂತರವನ್ನು ಕತೆಗೆ ಬಳಸಿ. ವ್ಯಾಪಾರಿಗೆ ಸಂಜೆ ಏಳರಿಂದ ಗಟ್ಟಿಯಾದ ಸಾಕ್ಷಿಗಳಿದ್ದಾರೆ, ಸಾವಿನ ಹೊತ್ತು ಮಧ್ಯಾಹ್ನಕ್ಕೆ ಸರಿದರೆ ಅವು ಉದುರುತ್ತವೆ. ಸತ್ತ ಮೇಲೆ ರಕ್ತ ಇಳಿದು ಚರ್ಮದ ಮೇಲೆ ಮೂಡುವ ಕಲೆ ಬೆನ್ನಿನ ಕಡೆ ಇದ್ದು, ಹೆಣ ಮಾತ್ರ ಬೋರಲಾಗಿ ಸಿಕ್ಕರೆ, ಯಾರೋ ಸಾಗಿಸಿದ್ದಾರೆ ಎಂದು ಅರ್ಥ.

2024ರ ಜುಲೈ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಕತೆ ಇಂದಿನದಾದರೆ ‘ಐಪಿಸಿ 302’ ಎಂದು ಬರೆಯಬೇಡಿ. ಕೊಲೆ ಈಗ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಂ. ಮನೆಯೊಳಗಿನ ಕಳ್ಳತನ 305, ಪೂಜಾಸ್ಥಳದ ವಿಗ್ರಹ ಕಳವನ್ನೂ ಅದೇ ಕಲಂನಲ್ಲಿ ಹೆಸರಿಸಿ ಸೇರಿಸಿದ್ದಾರೆ. ಶೋಧನೆ ಮತ್ತು ಜಪ್ತಿಯನ್ನು ವಿಡಿಯೋದಲ್ಲಿ ದಾಖಲಿಸಬೇಕು. ಸಬ್‌ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರೂ ಕೊಲೆಯ ತನಿಖೆ ಸಾಮಾನ್ಯವಾಗಿ ಇನ್‌ಸ್ಪೆಕ್ಟರ್ ದರ್ಜೆಯವರ ಕೈಗೆ ಹೋಗುತ್ತದೆ, ಆದ್ದರಿಂದ ನಿಮ್ಮ ನಾಯಕಿ ಇನ್‌ಸ್ಪೆಕ್ಟರ್ ಆಗಿರಲಿ. ಪಂಚರ ಮುಂದೆ ಮಹಜರು ಬರೆಯುವುದನ್ನು ಒಮ್ಮೆಯಾದರೂ ಪೂರ್ತಿ ತೋರಿಸಿ. ಆ ಬರವಣಿಗೆಯ ನಿಧಾನ ನೋಡುಗರಿಗೆ ಬೇಸರ ತರುತ್ತದೆ ಎಂಬ ಹೆದರಿಕೆ ಬೇಡ. ಕಪಾಟಿನಲ್ಲಿ ಏನೇನಿತ್ತು ಎಂದು ಗಟ್ಟಿಯಾಗಿ ಓದುವಾಗಲೇ ಒಂದು ಸುಳಿವನ್ನು ದಾಟಿಸಿಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು: ಪೊಲೀಸರ ಮುಂದೆ ಆರೋಪಿ ಹೇಳಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಂ ಅದನ್ನು ತಡೆಯುತ್ತದೆ. ಆದರೆ ಅವನು ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ನಿಲ್ಲುತ್ತದೆ. ಕೊನೆಯ ಕಂತಿನಲ್ಲಿ ಖಳನಾಯಕ ಠಾಣೆಯಲ್ಲಿ ಎಲ್ಲವನ್ನೂ ಅರಚಿ ಒಪ್ಪಿಕೊಳ್ಳುವ ದೃಶ್ಯ ಬರೆಯಲು ಕೈ ತುರಿಸುತ್ತದೆ. ಬರೆಯಬೇಡಿ. ಕಾನೂನೇ ನಿಮ್ಮನ್ನು ವಸ್ತುವಿನ ಕಡೆ ನೂಕುತ್ತಿದೆ.

ಹೆಜ್ಜೆ 6: ಸುಳಿವು ಬಿತ್ತುವುದು, ದಾರಿ ತಪ್ಪಿಸುವುದು

ಪ್ರತಿ ಸುಳಿವೂ ಎರಡು ಸಲ ಕಾಣಬೇಕು. ಮೊದಲ ಸಲ ಬೇರೆ ಯಾವುದೋ ಕೆಲಸದ ನಡುವೆ, ಎರಡನೆಯ ಸಲ ಅರ್ಥದೊಂದಿಗೆ. ಐದೆಸಳಿನ ಹೂವನ್ನು ಮೊದಲು ತೋರಿಸುವಾಗ ಕ್ಯಾಮೆರಾ ಹೂವಿನ ಮೇಲೆ ನಿಲ್ಲಬಾರದು. ಉಸ್ತಾದನ ಬೆರಳು ಸಾಲಿನ ಮೇಲೆ ಓಡಿ ಒಂದು ಕಡೆ ಕ್ಷಣ ತಡೆಯಲಿ, ಅಷ್ಟೇ.

ದಾರಿ ತಪ್ಪಿಸಲು ನಮ್ಮ ಸೀಮೆಯಲ್ಲಿ ನಿಧಿಗಳ್ಳರಿದ್ದಾರೆ. ಹಾಳು ಗುಡಿಗಳಲ್ಲಿ, ಕೋಟೆಗಳಲ್ಲಿ ನಿಧಿ ಇದೆಯೆಂದು ಅಮಾವಾಸ್ಯೆಯ ರಾತ್ರಿ ಅಗೆಯುವವರ ಸುದ್ದಿ ಇಲ್ಲಿ ಯಾರಿಗೂ ಹೊಸದಲ್ಲ. ಉಸ್ತಾದ ಕೋಟೆಯಿಂದ ಮಣ್ಣು ತರುತ್ತಿದ್ದನಲ್ಲವೇ? ಅವನ ಮನೆಯಲ್ಲಿ ಮಣ್ಣಿನ ಚೀಲ, ಗುದ್ದಲಿ ನೋಡಿದ ಪೊಲೀಸರು ನಿಧಿ ಗುಂಪಿನ ಜಗಳವೆಂದು ತಿಳಿಯುತ್ತಾರೆ. ಆ ಮಣ್ಣು ಏನಕ್ಕೆ ಎಂದು ಮೂರನೆಯ ಕಂತಿನವರೆಗೆ ಯಾರೂ ಕೇಳುವುದಿಲ್ಲ. ಇನ್ನೊಂದು ಸುಳ್ಳು ದಾರಿ ವಾಡೆಯ ಒಳಗಿನದು: ಆಸ್ತಿ ಪಾಲಿನ ಜಗಳ, ಸಾಲ ಮಾಡಿದ ಸಣ್ಣ ಮಗ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಅನುಮಾನವನ್ನು ಯಾರ ಜಾತಿ ಧರ್ಮದ ಮೇಲೂ ಹೊರಿಸಿ ಕತೆ ನಡೆಸಬೇಡಿ. ಬಿದರಿ ಕೆಲಸದಲ್ಲಿ ಮುಸ್ಲಿಮರೂ ಹಿಂದೂಗಳೂ ಒಂದೇ ಉಳಿ ಹಿಡಿದಿದ್ದಾರೆ. ಅಷ್ಟೂರಿನಲ್ಲಿ ಬಹಮನಿ ದೊರೆ ಅಹ್ಮದ್ ಷಾ ವಲಿಯ ಗುಮ್ಮಟದ ಜಾತ್ರೆಗೆ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ನಡೆದು ಬರುತ್ತಾರೆ, ಊರಿನವರಿಗೆ ಆ ದೊರೆ ಅಲ್ಲಮಪ್ರಭು. ಇಂಥ ಸೀಮೆಯ ಕತೆ ಬರೆಯುವವರು ಇದನ್ನು ಕಣ್ಣಲ್ಲಿಟ್ಟುಕೊಳ್ಳಬೇಕು.

ನೌಬಾದಿನ ಕರೇಜ್ ಕಂಡ ಕೂಡಲೇ ಅದರೊಳಗೆ ಬೆನ್ನಟ್ಟುವ ದೃಶ್ಯ ಬರೆಯುವ ಆಸೆಯಾಗುತ್ತದೆ. ಅದು ನೆಲದೊಳಗೆ ನೀರು ತರಲು ಕೊರೆದ ಸುಮಾರು ಮೂರು ಕಿಲೋಮೀಟರಿನ ಕಾಲುವೆ. ಕತೆಗೆ ನೀರಿನ ಸಂಬಂಧವಿಲ್ಲದಿದ್ದರೆ ಅದನ್ನು ಬಿಟ್ಟುಬಿಡಿ.

ಹೆಜ್ಜೆ 7: ಆರು ಕಂತುಗಳಿಗೆ ಹಂಚುವುದು

ಒಂದು ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ನಲವತ್ತೈದು ನಿಮಿಷದ ಆಸುಪಾಸು ಉಳಿಯುತ್ತದೆ. ಮೊದಲ ಕಂತು ಮದುವೆ, ಉಸ್ತಾದ, ಸಾವು, ಹುಕ್ಕಾ ಮರಳುವುದು. ಈ ಕಂತಿನಲ್ಲಿ ಕಳ್ಳತನವಾಗಿದೆ ಎಂದೇ ಯಾರಿಗೂ ಗೊತ್ತಿರಬಾರದು, ಹುಕ್ಕಾ ಕಪಾಟಿನಲ್ಲೇ ಇದೆಯಲ್ಲ! ಎರಡರಲ್ಲಿ ಶವಪರೀಕ್ಷೆ ಮತ್ತು ನಿಧಿಯ ಸುಳ್ಳು ದಾರಿ. ಮೂರರ ಕೊನೆಗೆ ಹುಕ್ಕಾ ನಕಲಿ ಎಂಬುದು ಹೊರಬರಲಿ, ಕೊಲೆಯ ಕತೆ ಅಲ್ಲಿ ಕಲಾಕಳ್ಳತನದ ಕತೆಯಾಗಿ ಹೊರಳುತ್ತದೆ. ನಾಲ್ಕು ಪತ್ರಗಳದು. ಐದರಲ್ಲಿ ಬೆನ್ನಟ್ಟುವಿಕೆ. ಬೀದರ್‌ನಿಂದ ತೆಲಂಗಾಣವೂ ಮಹಾರಾಷ್ಟ್ರವೂ ಒಂದು ತಾಸಿನೊಳಗಿನ ದಾರಿ, ಹುಮನಾಬಾದಿನ ಹತ್ತಿರ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಹಾಯುತ್ತದೆ, 2017ರಿಂದ ಕಲಬುರಗಿಗೆ ರೈಲೂ ಇದೆ. ಪೆಟ್ಟಿಗೆ ಯಾವ ದಾರಿ ಹಿಡಿಯಿತು ಎಂಬುದೇ ಒಂದು ಕಂತಿಗೆ ಸಾಕು. ಆರನೆಯದು ಎರಡು ಹುಕ್ಕಾಗಳೂ ಒಂದು ಚೂರೂ ಒಂದೇ ಮೇಜಿನ ಮೇಲೆ ಬರುವ ಕಂತು.

ಹೆಜ್ಜೆ 8: ಮಾತು

ಬೆಂಗಳೂರಿನ ಕನ್ನಡಕ್ಕೆ ಕೊನೆಯಲ್ಲಿ ‘ರೀ’ ಸೇರಿಸಿದರೆ ಬೀದರ್ ಮಾತಾಗುವುದಿಲ್ಲ. ಇಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಒಂದೇ ಓಣಿಯಲ್ಲಿವೆ. ಯಾರು ಯಾರೊಂದಿಗೆ ಮಾತಾಡುತ್ತಾರೆ ಎಂಬುದರ ಮೇಲೆ ಮಾತು ಬದಲಾಗುತ್ತದೆ. ಹುಡುಗಿ ಹುಕ್ಕಾ ತಂದ ದೃಶ್ಯ ನೋಡಿ:

ಹುಡುಗಿ: ಚಾಚಾ, ಇದಕ್ ಒಂಚೂರು ಎಣ್ಣಿ ಹಚ್ಚಿ ಕೊಡ್ರಿ. ಮದಿವ್ಯಾಗ ಮಂದಿ ಮುಟ್ಟಿ ಮುಟ್ಟಿ ಹೊಳಪೇ ಹೋಗ್ಯಾದ.

ಉಸ್ತಾದ: ಇಡು ಬೇಟಿ. (ತಿರುಗಿಸಿ ನೋಡಿ ಸುಮ್ಮನಾಗುತ್ತಾನೆ.) ಇದು ನಿಮ್ ಕಪಾಟದಾಗಿಂದೇ ಏನು?

ಹುಡುಗಿ: ಮತ್ತ ಎಲ್ಲಿಂದ್ರಿ? ನಮ್ ಮುತ್ಯಾನ ಮುತ್ಯಾನ ಕಾಲದ್ದು.

ಉಸ್ತಾದ: ಹ್ಞೂಂ… ನಾಳಿ ಬಾ. ಇವತ್ತು ಇಲ್ಲೇ ಇರ್ಲಿ.

ಅವನಿಗೆ ಎಲ್ಲ ತಿಳಿಯಿತು, ಆದರೆ ಹೇಳಲಿಲ್ಲ. ತನ್ನ ಕೈಕೆಲಸದಿಂದ ಮೋಸ ನಡೆದಿದೆ ಎಂಬ ನೋವು ಅವನ ಮೌನದಲ್ಲಿದೆ. ಇನ್‌ಸ್ಪೆಕ್ಟರ್ ಇದೇ ಹುಡುಗಿಯನ್ನು ‘ತಂಗಿ’ ಎನ್ನಲಿ, ವಾಡೆಯ ಹಿರಿಯರನ್ನು ‘ಸಾವ್ಕಾರ್ರ’ ಎನ್ನಲಿ, ಠಾಣೆಯ ರೈಟರ್ ಅವಳನ್ನು ‘ಮೇಡಂ’ ಎನ್ನಲಿ. ಬರೆದ ಮೇಲೆ ಸಂಭಾಷಣೆಯನ್ನು ಊರಿನವರಿಂದ ಗಟ್ಟಿಯಾಗಿ ಓದಿಸಿ ಕೇಳಿ. ನಾಲಿಗೆ ಎಡವಿದ ಕಡೆ ತಿದ್ದಿ.

ಹೆಜ್ಜೆ 9: ಬಯಲು ಮಾಡುವ ದೃಶ್ಯ

ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಅರ್ಧ ತಾಸು ಭಾಷಣ ಮಾಡಿಸುವ ಹಳೆಯ ರೀತಿ ಬೇಡ. ನಮ್ಮ ದೃಶ್ಯದಲ್ಲಿ ಮಾತು ಕಡಿಮೆ ಇರಲಿ. ಮೊದಲು ಸ್ವಲ್ಪ ಟರ್ಪೆಂಟೈನ್ ಹಚ್ಚಿದ ಬಿಳಿ ಅರಿವೆಯಿಂದ ನಕಲಿನ ಅಂಚನ್ನು ಒರೆಸುತ್ತಾರೆ, ಅರಿವೆ ಕಪ್ಪಾಗುತ್ತದೆ, ಅಂಟಿಸಿದ ಗೆರೆ ಕಾಣುತ್ತದೆ, ಬೆಳ್ಳಿಯ ತಂತಿ ಅಲ್ಲಿ ಕಡಿದಿದೆ. ಇನ್ನೂ ಸಣ್ಣದೊಂದು ತಗ್ಗು ಉಳಿದಿದೆ. ಗೋದಾಮಿನ ಮೋರಿಯಿಂದ, ಪಂಚರ ಮುಂದೆ, ವಿಡಿಯೋ ನಡೆಯುತ್ತಿರುವಾಗ ತೆಗೆದ ಚೂರು ಆ ತಗ್ಗಿನಲ್ಲಿ ಕೂರುತ್ತದೆ. ‘ಉಸ್ತಾದ್ ಗಟ್ಟಿಯಾಗಿದ್ದ ವಸ್ತುವನ್ನೇ ನನ್ನ ಕೈಗೆ ಕೊಟ್ಟ, ನಾನು ಹಾಗೆಯೇ ವಾಡೆಗೆ ಮುಟ್ಟಿಸಿದೆ’ ಎಂಬ ವ್ಯಾಪಾರಿಯ ಮೊದಲ ಕಂತಿನ ಹೇಳಿಕೆಯನ್ನು ರೈಟರ್ ಓದುತ್ತಾನೆ. ಅಷ್ಟೇ ಸಾಕು. ಉಸ್ತಾದನ ಮಗಳೋ ಮೊಮ್ಮಗನೋ ಐದೆಸಳಿನ ಹೂವನ್ನು ತೋರಿಸುವುದನ್ನು ಇದಕ್ಕಿಂತ ಮೊದಲೇ ಮುಗಿಸಿರಿ. ಇಲ್ಲದಿದ್ದರೆ ಎರಡು ಸುಳಿವುಗಳು ಒಂದರ ಮೇಲೊಂದು ಬಿದ್ದು ಎರಡೂ ಮಂಕಾಗುತ್ತವೆ.

ಹೆಜ್ಜೆ 10: ಚಿತ್ರೀಕರಣಕ್ಕೆ ಮುನ್ನ

ಬೀದರ್ ಕೋಟೆ, ಮದರಸಾ, ಅಷ್ಟೂರಿನ ಗುಮ್ಮಟಗಳು ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. ಅಲ್ಲಿ ಚಿತ್ರೀಕರಿಸಲು ಮುಂಚಿತವಾಗಿ ಅರ್ಜಿ ಹಾಕಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕು, ಚಿತ್ರಕಥೆಯ ಆ ಭಾಗವನ್ನೂ ಜೊತೆಗಿಡಿ. ಗೋಡೆಗೆ ಮೊಳೆ ಬೇಡ, ಹೊಗೆ ಯಂತ್ರ ಬೇಡ, ಅಹ್ಮದ್ ಷಾನ ಗುಮ್ಮಟದೊಳಗಿನ ಬಣ್ಣದ ಚಿತ್ರಗಳ ಮೇಲೆ ಬಿಸಿ ದೀಪ ಹಿಡಿಯುವುದಂತೂ ಬೇಡವೇ ಬೇಡ. ಬೀದರ್‌ನಲ್ಲಿ ವಾಯುಪಡೆಯ ನಿಲ್ದಾಣವಿದೆ. ಅನುಮತಿಯಿಲ್ಲದೆ ಡ್ರೋನ್ ಹಾರಿಸಿದರೆ ನೀವೇ ಠಾಣೆಯಲ್ಲಿರುತ್ತೀರಿ.

ಯಾರ ಮನೆಯ ಅಸಲಿ ಹಳೆಯ ಬಿದರಿಯನ್ನೂ ಸೆಟ್ಟಿಗೆ ತರಬೇಡಿ. ಚಿತ್ರೀಕರಣಕ್ಕೆ ನಾಲ್ಕು ಹುಕ್ಕಾ ಬೇಕು: ಅಸಲಿಯ ಪಾತ್ರಕ್ಕೊಂದು, ನಕಲಿಯ ಪಾತ್ರಕ್ಕೊಂದು, ಬೀಳಿಸಲು ಎರಡು. ನಾಲ್ಕನ್ನೂ ಬೀದರ್‌ನ ಕುಶಲಕರ್ಮಿಗಳಿಂದಲೇ ಮಾಡಿಸಿ. ಬೀಳಿಸುವ ಎರಡಕ್ಕೆ ಬೆಳ್ಳಿ ಬೇಕಿಲ್ಲ, ಎರಕ ಮತ್ತು ಕಪ್ಪು ಸಾಕು ಎಂದು ಮೊದಲೇ ಹೇಳಿದರೆ ಖರ್ಚೂ ಇಳಿಯುತ್ತದೆ, ಕೈಯಿಂದ ಮಾಡಿದ ಹೂಬಳ್ಳಿಯನ್ನು ಒಡೆಯುವ ಪಾಪವೂ ತಪ್ಪುತ್ತದೆ. ಉಸ್ತಾದನ ಪಾತ್ರಧಾರಿ ಚಿತ್ರೀಕರಣಕ್ಕೆ ಮೊದಲು ಅವರ ಹತ್ತಿರ ಕುಳಿತು ಉಳಿ ಹಿಡಿಯುವುದನ್ನು ಕಲಿಯಲಿ. ಹತ್ತಿರದ ಶಾಟುಗಳಲ್ಲಿ ಕೈ ಮಾತ್ರ ಅವರದೇ ಇರಲಿ. ಆ ದಿನಗಳ ಸಂಬಳ ಮುಂಗಡವಾಗಿ ಕೊಡಿ, ಹೆಸರನ್ನು ನಟರ ಹೆಸರುಗಳ ಜೊತೆಯಲ್ಲೇ ಹಾಕಿ.